ಯಾರಿಗೂ ಬೇಡದ ಬೇಸ್‌ಬಾಲ್ ಕಾರ್ಡುಗಳು: ಇಟ್ಟುಕೊಳ್ಳಲಾ, ಮಾರಲಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಪಕ್ಕದ ಮನೆಯ ಹಿರಿಯರು ಮನೆ ಖಾಲಿ ಮಾಡಿ ಮಗನ ಊರಿಗೆ ಹೋಗುವಾಗ ನಮ್ಮ ಹತ್ತು ವರ್ಷದ ಮಗಳ ಕೈಗೆ ಒಂದು ಶೂ ಡಬ್ಬಿ ಕೊಟ್ಟರು. ಒಳಗೆ ಆಟಗಾರರ ಚಿತ್ರ ಅಚ್ಚಾಗಿರುವ ಸುಮಾರು ಎಂಬತ್ತು ಹಳೇ ಬೇಸ್‌ಬಾಲ್ ಕಾರ್ಡುಗಳಿವೆ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದಾರೆ. ಹೆಚ್ಚಿನವು 1955ರ ಟಾಪ್ಸ್ ಕಂಪನಿಯವು. ಮೂರು ಕಾರ್ಡು ಮಾತ್ರ ತುಂಬಾ ಚಿಕ್ಕವು, ಹಿಂದೆ ಸಿಗರೇಟಿನ ಜಾಹೀರಾತು ಇದೆ. ದೊಡ್ಡ ಹೆಸರು ಒಂದೂ ಇಲ್ಲ. ಇಂಟರ್ನೆಟ್ಟಿನಲ್ಲಿ ನೋಡಿದರೆ ಟಾಪ್ಸ್ ಕಾರ್ಡುಗಳಿಗೆ ಐದು, ಹತ್ತು ಡಾಲರ್ ಅಂತ ತೋರಿಸುತ್ತದೆ. ಮಗಳು ಕಾರ್ಲ್ ಸ್ಪೂನರ್ ಅನ್ನುವವರ ಕಾರ್ಡು ಹಿಡಿದುಕೊಂಡು ‘ಇವರು ಯಾರು?’ ಎಂದು ದಿನಾ ಕೇಳುತ್ತಾಳೆ. ಇವನ್ನು ಇಟ್ಟುಕೊಳ್ಳಲಾ, ಮಾರಲಾ? ಇಟ್ಟುಕೊಂಡರೆ ಮುಂದೆ ಏನು ಮಾಡಬೇಕು? ಲ್ಯಾಮಿನೇಟ್ ಮಾಡಿಸಿ ಮೈಸೂರಿನ ಮನೆಯಲ್ಲಿ ಇಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದು ಅವಸರದ್ದು. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ದೇವರ ಪಟ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿ ‘ಇನ್ನು ಭದ್ರ’ ಅಂದುಕೊಳ್ಳುವ ಅಭ್ಯಾಸ ಇದೆ. ಹಳೇ ಕಾರ್ಡಿನ ವಿಷಯದಲ್ಲಿ ಅದು ತಿರುಗಿ ಸರಿಮಾಡಲಾಗದ ತಪ್ಪು. ಬಿಸಿ ಪ್ಲಾಸ್ಟಿಕ್ ಕಾಗದಕ್ಕೆ ಅಂಟಿಕೊಂಡರೆ ಮತ್ತೆ ಬಿಡಿಸಲು ಬರುವುದಿಲ್ಲ. ಬಿಡಿಸಲು ಹೋದರೆ ಚಿತ್ರವೇ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತದೆ.

ಇವತ್ತು ಸಂಜೆಯೇ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಆ ರಬ್ಬರ್ ಬ್ಯಾಂಡ್ ತೆಗೆಯಿರಿ. ಎಳೆಯಬೇಡಿ, ಕತ್ತರಿಯಿಂದ ಕತ್ತರಿಸಿ. ಹಳೇ ರಬ್ಬರ್ ಕರಗಿ ಕಾರ್ಡಿನ ಅಂಚಿಗೆ ಅಂಟಿಕೊಂಡಿದ್ದರೆ ಅದನ್ನು ಉಗುರಿನಿಂದ ಕೆರೆಯದೆ ಹಾಗೇ ಬಿಟ್ಟುಬಿಡಿ. ಕಟ್ಟಿನ ಮೊದಲ ಮತ್ತು ಕೊನೆಯ ಕಾರ್ಡುಗಳೇ ಜಾಸ್ತಿ ಹಾಳಾಗಿರುತ್ತವೆ. ಅದಕ್ಕೆ ಆಂಡಿ ಪ್ಯಾಫ್ಕೊ ಅನ್ನುವ ಆಟಗಾರನ ಕಾರ್ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1952ರ ಟಾಪ್ಸ್ ಸೆಟ್‌ನಲ್ಲಿ, ಅಂದರೆ ಆ ವರ್ಷ ಕಂಪನಿ ನಂಬರ್ ಹಾಕಿ ಹೊರತಂದ ಇಡೀ ಸರಣಿಯಲ್ಲಿ, 407 ಕಾರ್ಡುಗಳಿದ್ದವು, ಪ್ಯಾಫ್ಕೊ ಅವರದು ಒಂದನೇ ನಂಬರ್. ಮಕ್ಕಳು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮೇಲಿರುತ್ತಿದ್ದ ಪ್ಯಾಫ್ಕೊ ಕಾರ್ಡು ಎಲ್ಲ ಏಟನ್ನೂ ತಿನ್ನುತ್ತಿತ್ತು. ಹಾಗಾಗಿ ಮೂಲೆ ಮುರಿಯದ, ಗೆರೆ ಬೀಳದ ಪ್ಯಾಫ್ಕೊ ಕಾರ್ಡು ತುಂಬಾ ಅಪರೂಪ. 17 ವರ್ಷ ಆಡಿ 213 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಒಳ್ಳೆಯ ಆಟಗಾರ ಅವರು. ಆದರೆ ಕಾರ್ಡು ಸಂಗ್ರಹಿಸುವವರ ನಡುವೆ ಅವರ ಹೆಸರು ಉಳಿದಿರುವುದು ಕಟ್ಟಿನ ಮೇಲೆ ಕೂತದ್ದಕ್ಕೆ.

ಈಗ ದುಡ್ಡಿನ ಮಾತು. ನೀವು ಬರೆದಿರುವುದನ್ನು ನೋಡಿದರೆ ಆ ಟಾಪ್ಸ್ ಕಾರ್ಡುಗಳು ನಾವು ‘ಕಾಮನ್’ ಅನ್ನುವ ಬಗೆಯವು. ಹೆಸರಾಂತ ಆಟಗಾರನದಲ್ಲದ, ಅಪರೂಪವೂ ಅಲ್ಲದ ಕಾರ್ಡಿಗೆ ಕಾಮನ್ ಅನ್ನುತ್ತಾರೆ. ಸವೆದ ಸ್ಥಿತಿಯಲ್ಲಿ ಅವು ನೀವು ನೋಡಿದ ಬೆಲೆಗೇ ಹೋಗುತ್ತವೆ. ಎಲ್ಲವನ್ನೂ ಒಟ್ಟಿಗೆ ಅಂಗಡಿಯವನಿಗೆ ಕೊಟ್ಟರೆ ಅದರ ಅರ್ಧವೂ ಬರುವುದು ಕಷ್ಟ. ಆ ದುಡ್ಡು ಮಗಳ ಎರಡು ಜೊತೆ ಶೂಗೆ ಆದೀತು ಅಷ್ಟೇ. ಅದಕ್ಕಾಗಿ ಮಾರಬೇಡಿ. ಅವಳು ದಿನಾ ಕೇಳುತ್ತಿರುವ ಪ್ರಶ್ನೆ ಇದೆಯಲ್ಲ, ಈ ಹವ್ಯಾಸದಲ್ಲಿ ಅದೇ ಅಸಲು ಪ್ರಶ್ನೆ.

ಕಾರ್ಲ್ ಸ್ಪೂನರ್ ಯಾರು ಅಂತ ಹೇಳುತ್ತೇನೆ. ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು ಮೊದಲು. ಪಿಚರ್ ಅಂದರೆ ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ. ಒಬ್ಬನೇ ಪಿಚರ್ ಒಂಬತ್ತೂ ಇನ್ನಿಂಗ್ಸ್ ಎಸೆದು ಎದುರಾಳಿಗೆ ಒಂದು ರನ್ನೂ ಕೊಡದಿದ್ದರೆ ಅದು ಅವನ ಶಟ್‌ಔಟ್. ಬ್ಯಾಟು ಹಿಡಿದವನು ಹೊಡೆಯಲು ಹೋಗಿ ತಪ್ಪಿದರೆ, ಇಲ್ಲವೇ ಸರಿಯಾದ ಎಸೆತವನ್ನು ಹೊಡೆಯದೆ ಬಿಟ್ಟರೆ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆಗಿ ಔಟಾದರೆ ಅದು ಸ್ಟ್ರೈಕ್‌ಔಟ್.

ಸ್ಪೂನರ್ ನ್ಯೂಯಾರ್ಕ್ ರಾಜ್ಯದ ಓರಿಸ್ಕನಿ ಫಾಲ್ಸ್ ಅನ್ನುವ ಸಣ್ಣ ಊರಿನ ಹುಡುಗ. ಎಡಗೈ ಪಿಚರ್. 1954ರ ಸೆಪ್ಟೆಂಬರ್ 22ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಮೊದಲ ಪಂದ್ಯ ಆಡಿದರು. ಎದುರಿಗೆ ಆ ವರ್ಷದ ಲೀಗ್ ಗೆದ್ದಾಗಿದ್ದ ನ್ಯೂಯಾರ್ಕ್ ಜೈಂಟ್ಸ್. ಸ್ಪೂನರ್ ಶಟ್‌ಔಟ್ ಮಾಡಿದ್ದಲ್ಲದೆ 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು. ಮೊದಲ ಪಂದ್ಯದಲ್ಲೇ ಅಷ್ಟು ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ. ನಾಲ್ಕು ದಿನ ಬಿಟ್ಟು ಪಿಟ್ಸ್‌ಬರ್ಗ್ ಮೇಲೆ ಇನ್ನೊಂದು ಶಟ್‌ಔಟ್, 12 ಸ್ಟ್ರೈಕ್‌ಔಟ್. ಎರಡು ಪಂದ್ಯ, 18 ಇನ್ನಿಂಗ್ಸ್, 27 ಸ್ಟ್ರೈಕ್‌ಔಟ್, ಒಂದು ರನ್ನೂ ಇಲ್ಲ. ಅಷ್ಟರಲ್ಲಿ ಸೀಸನ್ ಮುಗಿದುಹೋಯಿತು. ‘ಸ್ಪೂನರ್ ಇನ್ನೂ ಸೂನರ್ ಬರಬೇಕಿತ್ತು’ ಎಂದು ಬ್ರೂಕ್ಲಿನ್ ಜನ ಪ್ರಾಸ ಕಟ್ಟಿ ಹಲುಬಿದರು.

ನಿಮ್ಮ ಮಗಳ ಕೈಯಲ್ಲಿರುವ 1955ರ 90ನೇ ನಂಬರ್ ಕಾರ್ಡು ಹೊರಬಂದದ್ದು ಇದಾದ ಮೇಲೆ. ಅಡ್ಡಡ್ಡ ಕಾರ್ಡು, ಒಂದು ಕಡೆ ದೊಡ್ಡ ಮುಖ, ಪಕ್ಕದಲ್ಲಿ ಆಡುತ್ತಿರುವ ಚಿಕ್ಕ ಚಿತ್ರ, ಕೆಳಗೆ ಅಚ್ಚು ಹಾಕಿದ ಸಹಿ. ಆ ಮುಖದಲ್ಲಿರುವ ಹುಡುಗನಿಗೆ ಮುಂದೆ ಏನಾಗುತ್ತದೆ ಎಂದು ಅವನಿಗಾಗಲೀ ಟಾಪ್ಸ್ ಕಂಪನಿಗಾಗಲೀ ಗೊತ್ತಿರಲಿಲ್ಲ.

ಆದದ್ದು ಇಷ್ಟು. 1955ರ ಸೀಸನ್ ಶುರುವಾಗುವ ಮುಂಚಿನ ಅಭ್ಯಾಸದ ದಿನಗಳಲ್ಲಿ ಭುಜಕ್ಕೆ ಪೆಟ್ಟಾಯಿತು. ನೋವು ಇಟ್ಟುಕೊಂಡೇ ಆಡಿದರು. ಎಂಟು ಗೆಲುವು, ಆರು ಸೋಲು. ಅಕ್ಟೋಬರ್ 3ರಂದು ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ) ಆರನೇ ಪಂದ್ಯಕ್ಕೆ ಅವರನ್ನೇ ಇಳಿಸಿದರು. ಒಬ್ಬನನ್ನು ಔಟ್ ಮಾಡುವುದರಲ್ಲಿ ಐದು ರನ್ ಹೋಯಿತು. ಅವರನ್ನು ವಾಪಸ್ ಕರೆದರು. ಮಾರನೆಯ ದಿನ ಏಳನೇ ಪಂದ್ಯ ಗೆದ್ದು ಡಾಡ್ಜರ್ಸ್ ಚಾಂಪಿಯನ್ ಆಯಿತು. ಬ್ರೂಕ್ಲಿನ್‌ನಲ್ಲಿದ್ದಷ್ಟು ಕಾಲ ಆ ತಂಡ ಗೆದ್ದ ಒಂದೇ ವರ್ಲ್ಡ್ ಸೀರೀಸ್ ಅದು. ಊರಿಗೆ ಊರೇ ಬೀದಿಗೆ ಇಳಿಯಿತು. ಸ್ಪೂನರ್ ಮಾತ್ರ ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಮಟ್ಟದಲ್ಲಿ, ಮತ್ತೆ ಆಡಲಿಲ್ಲ. ಆಗ ಅವರಿಗೆ 24 ವರ್ಷ. ಡಾಡ್ಜರ್ಸ್ ತಂಡ ಅಭ್ಯಾಸಕ್ಕೆ ಬರುತ್ತಿದ್ದ ಫ್ಲಾರಿಡಾದ ವೀರೋ ಬೀಚ್‌ನಲ್ಲೇ ನೆಲೆ ನಿಂತು, 1984ರಲ್ಲಿ 52ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು.

ಇದರ ಜೊತೆಗೆ ಇನ್ನೊಂದು ಕಾರ್ಡು ಇಟ್ಟು ನೋಡಬೇಕು. ಅದೇ 1955ರ ಸೆಟ್, ಅದೇ ಬ್ರೂಕ್ಲಿನ್ ತಂಡ, ಇನ್ನೊಬ್ಬ ಎಡಗೈ ಹುಡುಗ. 123ನೇ ನಂಬರ್, ಸ್ಯಾಂಡಿ ಕೋಫ್ಯಾಕ್ಸ್. ಅವರದೂ ಮೊದಲ ಕಾರ್ಡು. ಆ ವಸಂತದಲ್ಲಿ ಯಾವ ಮಗುವನ್ನು ಕೇಳಿದ್ದರೂ ಸ್ಪೂನರ್ ಕಾರ್ಡೇ ಬೇಕು ಅನ್ನುತ್ತಿತ್ತು ಅಂತ ನನ್ನ ಲೆಕ್ಕ. ಕೋಫ್ಯಾಕ್ಸ್ ಮೇಜರ್ ಲೀಗ್‌ನಲ್ಲಿ ಇನ್ನೂ ಒಂದು ಚೆಂಡೂ ಎಸೆದಿರಲಿಲ್ಲ. ಆಮೇಲೂ ಐದಾರು ವರ್ಷ ಅವರು ತಡವರಿಸಿದರು. ನಂತರ ಆಟದ ದೊಡ್ಡ ಪಿಚರ್‌ಗಳಲ್ಲಿ ಒಬ್ಬರಾದರು. 1972ರಲ್ಲಿ 36ನೇ ವಯಸ್ಸಿಗೇ ಬೇಸ್‌ಬಾಲ್‌ನ ಮಹಾನ್ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರು. ಈಗ ಅವರ ಆ ಕಾರ್ಡಿಗೆ ನೂರಾರು ಡಾಲರ್, ಚೆನ್ನಾಗಿದ್ದರೆ ಸಾವಿರಾರು. ಸ್ಪೂನರ್ ಕಾರ್ಡಿಗೆ ನೀವು ನೋಡಿದ ಐದು ಹತ್ತು ಡಾಲರ್.

ಈ ಎರಡು ಕಾರ್ಡು ಒಂದೇ ಕಾಲದಲ್ಲಿ, ಒಂದೇ ಬಗೆಯ ಹಾಳೆಯ ಮೇಲೆ ಅಚ್ಚಾದವು. ಅಂಗಡಿಯಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಎರಡಕ್ಕೂ ಒಂದೇ ಬೆಲೆ. ಬೆಲೆ ಬೇರೆಯಾದದ್ದು ಆಮೇಲೆ, ಬೇರೆಯವರಿಂದ. ಹಳೇ ಕಾರ್ಡುಗಳಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇದೇ. ಚಾಂಪಿಯನ್ ಆದ ಮೇಲೆ ಬರುವ ಪುಸ್ತಕದಲ್ಲಿ ಕೊನೆ ಮೊದಲೇ ಗೊತ್ತಿರುತ್ತದೆ. ಕಾರ್ಡಿನಲ್ಲಿ ಹಾಗಲ್ಲ. ಅಲ್ಲಿ ಎಲ್ಲರಿಗೂ ಇನ್ನೂ ಮುಂದಿನ ವರ್ಷ ಇದೆ. ಬೆಲೆಪಟ್ಟಿ ಕೈಯಲ್ಲಿ ಹಿಡಿದು ಸಂಗ್ರಹಿಸುವವರಿಗೆ ಕೋಫ್ಯಾಕ್ಸ್ ಮಾತ್ರ ಕಾಣುತ್ತಾರೆ. ನಿಮ್ಮ ಮಗಳಿಗೆ ಸ್ಪೂನರ್ ಕಂಡರು. ಅದು ಸಣ್ಣ ಮಾತಲ್ಲ.

ಈಗ ಆ ಮೂರು ಚಿಕ್ಕ ಕಾರ್ಡುಗಳಿಗೆ ಬರೋಣ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಬಿಳೀ ಅಂಚು, ಬಣ್ಣದ ಚಿತ್ರ, ಹಿಂದೆ ಪೀಡ್‌ಮಾಂಟ್ ಅಥವಾ ಸ್ವೀಟ್ ಕ್ಯಾಪೊರಲ್ ಅಂತ ಇದ್ದರೆ ಅವು ಟಿ206 ಸೆಟ್‌ನವು ಇರಬಹುದು. 1909ರಿಂದ 1911ರ ನಡುವೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನಲ್ಲಿ ಹಾಕುತ್ತಿದ್ದ ಕಾರ್ಡುಗಳು. ಪ್ಯಾಕು ಬಾಗದಿರಲಿ ಅಂತಲೂ ಆಯಿತು, ಜನ ಮತ್ತೆ ಕೊಳ್ಳಲಿ ಅಂತಲೂ ಆಯಿತು. ಒಟ್ಟು 524 ಕಾರ್ಡು, ಹಿಂದೆ 16 ಬ್ರಾಂಡುಗಳ ಹೆಸರು. ಅದರಲ್ಲಿ ಒಂದು ಬ್ರಾಂಡಿನ ಹೆಸರು ‘ಹಿಂದೂ’, ಇನ್ನೊಂದರ ಹೆಸರು ‘ಟಾಲ್‌ಸ್ಟಾಯ್’. ಆಗಿನ ಅಮೆರಿಕದಲ್ಲಿ ತಂಬಾಕಿಗೆ ಪೂರ್ವದ ದೇಶಗಳ ಹೆಸರಿಟ್ಟರೆ ಚೆನ್ನಾಗಿ ಮಾರಾಟವಾಗುತ್ತಿತ್ತು. ‘ಹಿಂದೂ’ ಅಂತ ಹಿಂಬದಿ ಇರುವ ಕಾರ್ಡು ಮೊದಲ ಸಲ ನೋಡಿದಾಗ ನನಗೆ ಎಷ್ಟು ಆಶ್ಚರ್ಯವಾಗಿತ್ತು ಅಂತ ಇವತ್ತಿಗೂ ನೆನಪಿದೆ.

ಟಿ206 ಅಂದ ಕೂಡಲೇ ಎಲ್ಲರೂ ಆ ಕಾಲದ ದೊಡ್ಡ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಮಾತು ಎತ್ತುತ್ತಾರೆ. 2022ರಲ್ಲಿ ಒಂದು 72 ಲಕ್ಷ 50 ಸಾವಿರ ಡಾಲರ್‌ಗೆ ಹೋಯಿತು. ಅದು ನಿಮ್ಮ ಡಬ್ಬಿಯಲ್ಲಿ ಇರುವುದಿಲ್ಲ, ಬಿಡಿ. ನಾನು ಹೇಳಬೇಕೆಂದಿರುವುದು ಜೋ ಡಾಯ್ಲ್ ಬಗ್ಗೆ. ನ್ಯೂಯಾರ್ಕ್ ಹೈಲ್ಯಾಂಡರ್ಸ್ ತಂಡದ ಪಿಚರ್. ಎರಡು ಎಸೆತಗಳ ನಡುವೆ ತುಂಬಾ ಹೊತ್ತು ತೆಗೆದುಕೊಳ್ಳುತ್ತಿದ್ದರು ಅಂತ ‘ಸ್ಲೋ ಜೋ’ ಎಂದೇ ಹೆಸರು ಬಿತ್ತು. 1906ರಲ್ಲಿ ಮೊದಲ ಸಲ ಇಳಿದ ಎರಡೂ ಪಂದ್ಯಗಳಲ್ಲಿ ಶಟ್‌ಔಟ್ ಮಾಡಿದರು, ಸ್ಪೂನರ್‌ಗಿಂತ 48 ವರ್ಷ ಮುಂಚೆ. ಅವರ ಆಟವೂ ಬೇಗನೇ ಮುಗಿಯಿತು, 1910ರ ನಂತರ ಅವರಿಗೆ ಮೇಜರ್ ಲೀಗ್ ಇರಲಿಲ್ಲ.

ಅವರ ಕಾರ್ಡು ಅಚ್ಚು ಹಾಕುವಾಗ ಒಂದು ಎಡವಟ್ಟಾಯಿತು. ಮೇಜರ್ ಲೀಗ್‌ನಲ್ಲಿ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಅಂತ ಎರಡು ಭಾಗ, ಜೋ ಅವರ ತಂಡ ಅಮೆರಿಕನ್ ಲೀಗ್‌ನದು. ಅದೇ ಊರಿನ ನ್ಯಾಷನಲ್ ಲೀಗ್ ತಂಡದಲ್ಲಿ ಲ್ಯಾರಿ ಡಾಯ್ಲ್ ಅನ್ನುವ ಹೆಸರಾಂತ ಆಟಗಾರ ಇದ್ದರು. ಆ ಗೊಂದಲದಲ್ಲಿ ಜೋ ಡಾಯ್ಲ್ ಚಿತ್ರದ ಕೆಳಗೂ ನ್ಯಾಷನಲ್ ಲೀಗ್ ಅಂತ ಅಚ್ಚಾಯಿತು. ಗೊತ್ತಾದ ಕೂಡಲೇ ಆ ಪದ ಅಳಿಸಿ ಮತ್ತೆ ಅಚ್ಚು ಹಾಕಿದರು. ತಪ್ಪು ಇರುವ ಕಾರ್ಡು ಇವತ್ತಿಗೆ ಬೆರಳೆಣಿಕೆಯಷ್ಟು ಉಳಿದಿದೆ, ಬೆಲೆ ಲಕ್ಷಗಟ್ಟಲೆ ಡಾಲರ್. ತಪ್ಪು ತಿದ್ದಿದ ಕಾರ್ಡು ಬರೀ ಕಾಮನ್. ಮುಖ ಅದೇ, ಮನುಷ್ಯನೂ ಅವನೇ. ಆ ಎರಡು ಶಟ್‌ಔಟ್‌ಗೂ ಈ ಬೆಲೆಗೂ ಯಾವ ಸಂಬಂಧವೂ ಇಲ್ಲ.

ನಾನು ದುಡ್ಡು ಕೊಟ್ಟು ಕೊಂಡ ಮೊದಲ ಟಿ206 ಕಾರ್ಡು ಫ್ರೆಡ್ ಸ್ನಾಡ್‌ಗ್ರಾಸ್ ಅವರದು. ಮೂಲೆಗಳು ದುಂಡಗಾಗಿದ್ದವು, ನಡುವೆ ಒಂದು ಮಡಿಕೆ ಇತ್ತು. ಆ ಮಡಿಕೆಯಿಂದಾಗಿಯೇ ನನಗೆ ಕೈಗೆಟುಕಿತು. ಟಿ206 ಕಾರ್ಡಿನ ಹಿಂದೆ ಆಟಗಾರನ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ, ಬರೀ ಸಿಗರೇಟು. ಹಾಗಾಗಿ ಅವರು ಯಾರು ಅಂತ ನಾನೇ ಹುಡುಕಬೇಕಾಯಿತು. ಸ್ನಾಡ್‌ಗ್ರಾಸ್ ನ್ಯೂಯಾರ್ಕ್ ಜೈಂಟ್ಸ್ ತಂಡದ ಸೆಂಟರ್ ಫೀಲ್ಡರ್. 1912ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ, ಬಾಸ್ಟನ್‌ನಲ್ಲಿ. ಹತ್ತನೇ ಇನ್ನಿಂಗ್ಸ್, ಜೈಂಟ್ಸ್ ಒಂದು ರನ್ ಮುಂದೆ. ಸುಲಭದ ಕ್ಯಾಚೊಂದು ಸ್ನಾಡ್‌ಗ್ರಾಸ್ ಕೈಯಿಂದ ಜಾರಿತು. ಅದರ ಹಿಂದೆಯೇ ಬಂದ ಹೊಡೆತಕ್ಕೆ ಓಡಿ ಒಂದು ಅದ್ಭುತ ಕ್ಯಾಚ್ ಹಿಡಿದರು. ಆದರೂ ಬಾಸ್ಟನ್ ಗೆದ್ದಿತು. ಎರಡನೇ ಕ್ಯಾಚನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಆಮೇಲೆ ಅವರು ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಊರಿನಲ್ಲಿ ವ್ಯಾಪಾರ ಮಾಡಿದರು, ಜಮೀನು ಮಾಡಿದರು, ಆ ಊರಿನ ಮೇಯರ್ ಆದರು. 1974ರಲ್ಲಿ 86ನೇ ವಯಸ್ಸಿಗೆ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಲೆಬರಹದಲ್ಲಿ ಇದ್ದದ್ದು 62 ವರ್ಷದ ಹಿಂದೆ ಬಿಟ್ಟ ಆ ಕ್ಯಾಚು. ಅದನ್ನು ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ಆ ಕಾರ್ಡನ್ನು ನಾನು ಇವತ್ತಿಗೂ ಮಾರಿಲ್ಲ.

ನಾನು ಕೊಂಡ ಎರಡನೇ ಟಿ206 ಕಾರ್ಡು ನಕಲಿ. ಒಂದು ಸಂತೆಯಲ್ಲಿ ಒಬ್ಬ ಮಾರಾಟಗಾರ ಕೊಟ್ಟದ್ದು. ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದಾಗ ಗೊತ್ತಾಯಿತು. ನಿಮ್ಮ ಮೂರು ಕಾರ್ಡುಗಳನ್ನೂ ಹಾಗೇ ಪರೀಕ್ಷೆ ಮಾಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಸಾಕು, ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುತ್ತಾರಲ್ಲ, ಅಂಥದ್ದು. ಕೆಳಗಿನ ಹೆಸರಿನ ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಅಕ್ಷರ ಇಡಿಯಾದ ಶಾಯಿಯಲ್ಲಿರುತ್ತದೆ. ಅಸಲಿಯ ಫೋಟೋ ತೆಗೆದು ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಿಂದ ಆಗಿರುತ್ತದೆ. ಇನ್ನೊಂದು ದಾರಿ, ಕತ್ತಲ ಕೋಣೆಯಲ್ಲಿ ಬ್ಲ್ಯಾಕ್ ಲೈಟ್ (ನೇರಳಾತೀತ ದೀಪ) ಬಿಟ್ಟು ನೋಡುವುದು. ಈಚಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಅದು ನೀಲಿಯಾಗಿ ಹೊಳೆಯುತ್ತದೆ. ನೂರು ವರ್ಷದ ಹಿಂದಿನ ಕಾಗದ ಹಾಗೆ ಹೊಳೆಯುವುದಿಲ್ಲ. ಎರಡೂ ಪರೀಕ್ಷೆ ಒಟ್ಟಿಗೆ ಮಾಡಿ, ಒಂದನ್ನೇ ನಂಬಬೇಡಿ. ಟಾಪ್ಸ್ ಕಾರ್ಡುಗಳಿಗೆ ಅಳತೆ ನೋಡಿ. 1955ರವು ಸುಮಾರು 6.7 ಸೆಂಟಿಮೀಟರ್ ಅಗಲ, 9.5 ಉದ್ದ ಇರಬೇಕು. 1957ರಿಂದ ಕಾರ್ಡು ಚಿಕ್ಕದಾಯಿತು. ಅಳತೆ ಕಡಿಮೆ ಇದ್ದರೆ ಯಾರೋ ಮೂಲೆ ಚೂಪಾಗಿ ಕಾಣಲಿ ಅಂತ ಅಂಚು ಕತ್ತರಿಸಿರಬಹುದು.

ಅಂಚು ಕತ್ತರಿಸುವ ಮೋಸ ಸಣ್ಣವರಷ್ಟೇ ಮಾಡುವುದಲ್ಲ. 1991ರಲ್ಲಿ ಪಿಎಸ್‌ಎ ಅನ್ನುವ ಸಂಸ್ಥೆ ಕಾರ್ಡುಗಳ ಸ್ಥಿತಿಗೆ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಡುವ ಕೆಲಸ ಶುರು ಮಾಡಿತು. ಅದು ಮೊದಲು ಅಂಕ ಕೊಟ್ಟದ್ದು ಒಂದು ವ್ಯಾಗ್ನರ್ ಕಾರ್ಡಿಗೆ, ಎಂಟು ಅಂಕ. ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ಅದನ್ನು ಹಿಂದೆ ಮಾರಿದ್ದ ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು. ಆದ್ದರಿಂದ ಕಾರ್ಡನ್ನು ಮುಚ್ಚಿ ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲಿನ ಅಂಕವನ್ನು ನಂಬುವುದಕ್ಕಿಂತ ನಿಮ್ಮ ಕಣ್ಣನ್ನು ಪಳಗಿಸಿ. ನಿಮ್ಮ ಟಾಪ್ಸ್ ಕಾರ್ಡುಗಳನ್ನು ಹೀಗೆ ಅಂಕ ಹಾಕಿಸಲು, ಅಂದರೆ ಗ್ರೇಡಿಂಗ್‌ಗೆ, ಕಳಿಸುವುದಂತೂ ಸುಮ್ನೆ ದಂಡ. ಶುಲ್ಕವೇ ಕಾರ್ಡಿನ ಬೆಲೆಗಿಂತ ಜಾಸ್ತಿ.

ಹೆಸರಿಲ್ಲದ ಆಟಗಾರರ ಕಾರ್ಡು ಯಾಕೆ ಬೇಕು ಎಂದು ನನ್ನನ್ನು ಕೇಳಿದವರಿಗೆಲ್ಲ ನಾನು ಜಿಮ್ಮಿ ಕ್ಲಾಕ್ಸ್‌ಟನ್ ಕಥೆ ಹೇಳುತ್ತೇನೆ. ಇದನ್ನು ನಿಮ್ಮ ಮಗಳಿಗೂ ಹೇಳಿ.

ಕ್ಲಾಕ್ಸ್‌ಟನ್ ಹುಟ್ಟಿದ್ದು 1892ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಬೆಳೆದದ್ದು ಅಮೆರಿಕದ ಟಕೋಮಾ ಕಡೆ. ಅವರ ಹಿರಿಯರಲ್ಲಿ ಕಪ್ಪು ಜನ, ಬಿಳಿಯರು, ಮೂಲನಿವಾಸಿಗಳು ಎಲ್ಲರೂ ಇದ್ದರು. ಒಳ್ಳೆಯ ಎಡಗೈ ಪಿಚರ್. ಆದರೆ ಆಗ ಬಿಳಿಯರ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿತ್ತು. ಬರೆದಿಟ್ಟ ನಿಯಮ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಲ್ಲ ತಂಡಗಳೂ ಅದನ್ನು ಪಾಲಿಸುತ್ತಿದ್ದವು. ಮೂಲನಿವಾಸಿಗಳಿಗೆ ಮಾತ್ರ ಅಷ್ಟಿಷ್ಟು ಜಾಗ ಇತ್ತು. 1916ರಲ್ಲಿ ಗೆಳೆಯರೊಬ್ಬರು ಕ್ಲಾಕ್ಸ್‌ಟನ್ ಮೂಲನಿವಾಸಿ ಎಂದು ಹೇಳಿ ಪೆಸಿಫಿಕ್ ಕೋಸ್ಟ್ ಲೀಗ್‌ನ ಓಕ್ಲೆಂಡ್ ಓಕ್ಸ್ ತಂಡಕ್ಕೆ ಸೇರಿಸಿದರು. ಮೇ 28ರಂದು ಒಂದೇ ದಿನ ಎರಡು ಪಂದ್ಯ ಇತ್ತು. ಎರಡರಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಅವರನ್ನು ಆಡಿಸಿದರು. ಒಟ್ಟು ಮೂರು ಇನ್ನಿಂಗ್ಸ್ ಕೂಡ ಆಗಲಿಲ್ಲ. ಅಷ್ಟರಲ್ಲಿ ಅವರು ಯಾರು ಅನ್ನುವುದು ತಂಡದವರ ಕಿವಿಗೆ ಬಿತ್ತು. ಒಂದು ವಾರ ತುಂಬುವ ಮೊದಲೇ ಹೊರಗೆ ಕಳಿಸಿದರು.

ಸ್ಯಾನ್ ಫ್ರಾನ್ಸಿಸ್ಕೊದ ಕಾಲಿನ್ಸ್-ಮೆಕಾರ್ಥಿ ಅನ್ನುವ ಮಿಠಾಯಿ ಕಂಪನಿ ಝೀ-ನಟ್ ಎಂಬ ತಿಂಡಿಯ ಜೊತೆ ಆ ಲೀಗ್ ಆಟಗಾರರ ಕಾರ್ಡು ಕೊಡುತ್ತಿತ್ತು. ಕಂಪನಿಯ ಫೋಟೋ ತೆಗೆಯುವವನು ಓಕ್ಲೆಂಡ್ ತಂಡದ ಹತ್ತಿರ ಬಂದದ್ದು ಸರಿಯಾಗಿ ಆ ವಾರವೇ. ಎಲ್ಲರ ಜೊತೆ ಕ್ಲಾಕ್ಸ್‌ಟನ್ ಅವರದೂ ಫೋಟೋ ತೆಗೆದ. ಅವರನ್ನು ಹೊರಗೆ ಹಾಕಿದ ಮೇಲೂ ಕಾರ್ಡು ಅಚ್ಚಾಗಿ ಮಿಠಾಯಿಯ ಜೊತೆ ಮಕ್ಕಳ ಕೈ ಸೇರಿತು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಬೇಸ್‌ಬಾಲ್ ಕಾರ್ಡಿನ ಮೇಲೆ ಬಂದ ಮೊದಲ ಕಪ್ಪು ಆಟಗಾರ ಅವರು. ಮೇಜರ್ ಲೀಗ್‌ನಲ್ಲಿ ಆ ಮುಚ್ಚಿದ ಬಾಗಿಲು ತೆರೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಆಡಲು ಇನ್ನೂ 31 ವರ್ಷ ಇತ್ತು. ಕ್ಲಾಕ್ಸ್‌ಟನ್ ಆಮೇಲೆ ಊರೂರು ತಿರುಗುವ ತಂಡಗಳಲ್ಲಿ ವರ್ಷಗಟ್ಟಲೆ ಆಡಿದರು, 1970ರಲ್ಲಿ ತೀರಿಕೊಂಡರು. ಆ ಫೋಟೋ ತೆಗೆಯುವವನು ಒಂದು ವಾರ ತಡವಾಗಿ ಬಂದಿದ್ದರೆ ಆ ಕಾರ್ಡೇ ಇರುತ್ತಿರಲಿಲ್ಲ. ಅವರನ್ನು ಮರೆಸಬೇಕು ಅಂದುಕೊಂಡವರಿಗೆ ಮಿಠಾಯಿ ಡಬ್ಬಿ ನೆನಪಾಗಲಿಲ್ಲ.

ಅದೇ ಕಾಲದ ಅಮೆರಿಕದ ಕಾರ್ಡುಗಳಲ್ಲಿ ನೀಗ್ರೋ ಲೀಗ್‌ಗಳ (ಕಪ್ಪು ಆಟಗಾರರ ಪ್ರತ್ಯೇಕ ಲೀಗುಗಳು) ದೊಡ್ಡ ಆಟಗಾರರನ್ನು ಹುಡುಕಿದರೆ ಸಿಗುವುದೇ ಇಲ್ಲ ಅನ್ನಬಹುದು. ಅವರು ಚಳಿಗಾಲದಲ್ಲಿ ಕ್ಯೂಬಾಕ್ಕೆ ಆಡಲು ಹೋಗುತ್ತಿದ್ದರು. ಆಸ್ಕರ್ ಚಾರ್ಲ್ಸ್‌ಟನ್ ಅವರಂಥವರ ಮುಖ ಉಳಿದಿರುವುದು 1923-24ರ ಬಿಲಿಕೆನ್ ಎಂಬ ಕ್ಯೂಬಾದ ತಂಬಾಕು ಕಾರ್ಡುಗಳಲ್ಲಿ.

ಇನ್ನು ಇವರೆಲ್ಲ ಯಾರು ಅಂತ ಹುಡುಕುವುದು ಹೇಗೆ? ಕಷ್ಟ ಇಲ್ಲ, ಖರ್ಚೂ ಇಲ್ಲ. ಕಾರ್ಡಿನ ಹೆಸರು ಹಿಡಿದು ಮೊದಲು ಬೇಸ್‌ಬಾಲ್-ರೆಫರೆನ್ಸ್ ತಾಣಕ್ಕೆ ಹೋಗಿ. ಯಾವ ವರ್ಷ, ಯಾವ ತಂಡ, ಎಷ್ಟು ಪಂದ್ಯ, ಯಾವಾಗ ಹುಟ್ಟಿದರು, ಎಲ್ಲಿ ತೀರಿಕೊಂಡರು, ಎಲ್ಲ ಸಿಗುತ್ತದೆ. ಅಂಕಿಗಳಲ್ಲಿ ಒಂದು ಖಾಲಿ ಜಾಗ ಕಂಡರೆ ಅಲ್ಲಿ ನಿಲ್ಲಿ. 1943ರಿಂದ 45ರವರೆಗೆ ಏನೂ ಇಲ್ಲ ಅಂದರೆ ಅವರು ಯುದ್ಧಕ್ಕೆ ಹೋಗಿರಬಹುದು. ಲೂ ಬ್ರಿಸ್ಸಿ ಅನ್ನುವ ಪಿಚರ್ ನನಗೆ ಗೊತ್ತಾದದ್ದು ಅವರ ಮೇಜರ್ ಲೀಗ್ ಆಟ ಯಾಕೆ ಇಷ್ಟು ತಡ ಎಂದು ಹುಡುಕುವಾಗ. 1944ರ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ಶೆಲ್ ಬಿದ್ದು ಅವರ ಎಡಗಾಲು ನುಚ್ಚುನೂರಾಗಿತ್ತು. ಕಾಲು ಕತ್ತರಿಸಬೇಡಿ ಎಂದು ವೈದ್ಯರನ್ನು ಬೇಡಿಕೊಂಡರು. 23 ಆಪರೇಷನ್ ಆದವು. ಲೋಹದ ಪಟ್ಟಿ ಕಟ್ಟಿಕೊಂಡು ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡಕ್ಕೆ ಆಡಿ 1949ರಲ್ಲಿ 16 ಪಂದ್ಯ ಗೆದ್ದರು. ಅವರ ಆ ವರ್ಷದ ಬೋಮನ್ ಕಂಪನಿಯ ಕಾರ್ಡು ನೋಡಿ. ಮುಖ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ.

ಅಂಕಿಗಳಾದ ಮೇಲೆ ಜೀವನ. ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘ ಅಂತ ಇದೆ, ಅದರ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ‘ಸೇಬರ್’ ಅನ್ನುತ್ತಾರೆ. 1971ರಲ್ಲಿ ಶುರುವಾದದ್ದು. ಅದರ ಸದಸ್ಯರು ಒಬ್ಬೊಬ್ಬ ಆಟಗಾರನನ್ನು ಹಿಡಿದು ಜೀವನಚರಿತ್ರೆ ಬರೆದು ಎಲ್ಲರೂ ಉಚಿತವಾಗಿ ಓದುವಂತೆ ಹಾಕಿದ್ದಾರೆ. ಸಾವಿರಾರು ಇವೆ, ಒಂದೇ ಪಂದ್ಯ ಆಡಿದವರದೂ ಇದೆ. ಹೆಚ್ಚಿನವರು ಸಂಬಳ ಇಲ್ಲದೆ ಮಾಡುವ ಕೆಲಸ ಅದು. ನನಗೆ ಅವರ ಮೇಲೆ ತುಂಬಾ ಗೌರವ.

ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಈ ಆಟಗಾರರು ಸಾಹುಕಾರರಲ್ಲ. 1968ಕ್ಕೆ ಮುಂಚೆ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 6 ಸಾವಿರ ಡಾಲರ್ ಇತ್ತು. ಚಳಿಗಾಲದಲ್ಲಿ ಅಂಗಡಿಯಲ್ಲೋ ಹೊಲದಲ್ಲೋ ಕೆಲಸ ಮಾಡುತ್ತಿದ್ದರು. ಪಿಂಚಣಿಯ ಕಥೆ ಇನ್ನೂ ಕಠಿಣ. 1980ರಿಂದ 43 ದಿನ ತಂಡದಲ್ಲಿದ್ದರೂ ಪಿಂಚಣಿಗೆ ಹಕ್ಕು ಬರುತ್ತದೆ. ಅದಕ್ಕೂ ಮುಂಚಿನವರಿಗೆ ಕನಿಷ್ಠ ನಾಲ್ಕು ವರ್ಷ ತುಂಬಬೇಕಿತ್ತು. ಮೂರೂವರೆ ವರ್ಷ ಆಡಿದವರಿಗೂ ಇಲ್ಲ. 2011ರಿಂದ ಅಂಥವರಿಗೆ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕೊಡುತ್ತಿದ್ದಾರೆ, ಅದು ಪಿಂಚಣಿ ಅಲ್ಲ. ನಿಮ್ಮ ಕಾಮನ್ ಕಾರ್ಡುಗಳಲ್ಲಿರುವ ಎಷ್ಟೋ ಮುಖಗಳದು ಇದೇ ಕಥೆ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ನೀವು ನ್ಯೂಜೆರ್ಸಿಯಲ್ಲಿ ಇರುವುದು ದೊಡ್ಡ ಅನುಕೂಲ. ಒಂದು ಶನಿವಾರ ಮಗಳನ್ನು ಕರೆದುಕೊಂಡು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಿ. ಚಿತ್ರ, ಶಿಲ್ಪಗಳ ನಡುವೆ ಅಲ್ಲಿ 30 ಸಾವಿರಕ್ಕೂ ಜಾಸ್ತಿ ಬೇಸ್‌ಬಾಲ್ ಕಾರ್ಡುಗಳಿವೆ. ಕೆಲವನ್ನು ಆಗಾಗ ಬದಲಾಯಿಸಿ ಪ್ರದರ್ಶನಕ್ಕೆ ಇಡುತ್ತಾರೆ. ಕೊಟ್ಟವರು ಜೆಫರ್ಸನ್ ಬರ್ಡಿಕ್, ಸಿರಕ್ಯೂಸ್ ಊರಿನಲ್ಲಿ ಕಾರ್ಖಾನೆ ಕೆಲಸ ಮಾಡುತ್ತಿದ್ದ ಸಾಮಾನ್ಯ ಮನುಷ್ಯ. ಎಲ್ಲ ಬಗೆಯ ಕಾರ್ಡು, ಲೇಬಲ್ ಸೇರಿ ಮೂರು ಲಕ್ಷಕ್ಕೂ ಹೆಚ್ಚು ಕೂಡಿಸಿದ್ದರು. ಟಿ206 ಅನ್ನುವ ಹೆಸರು ಕೂಡ ಅವರ ಪಟ್ಟಿಯಿಂದ ಬಂದದ್ದು, ಟಿ ಅಂದರೆ ಟೊಬ್ಯಾಕೊ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ಮ್ಯೂಸಿಯಂನಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್‌ಗಳಿಗೆ ಒಂದೊಂದೇ ಕಾರ್ಡು ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚ್‌ನಲ್ಲಿ ತೀರಿಕೊಂಡರು. ಅವರು ಮುಖ್ಯರು, ಅಮುಖ್ಯರು ಅಂತ ಆರಿಸಲಿಲ್ಲ. ವ್ಯಾಗ್ನರ್ ಪಕ್ಕದಲ್ಲೇ ಯಾರಿಗೂ ಗೊತ್ತಿಲ್ಲದವರೂ ಇದ್ದಾರೆ. ಹೋಗಲಾಗದವರು ಮ್ಯೂಸಿಯಂನ ತಾಣದಲ್ಲಿ ನೋಡಬಹುದು. ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 1887ರಿಂದ 1914ರವರೆಗಿನ ಸುಮಾರು 2,100 ಕಾರ್ಡುಗಳನ್ನು ಉಚಿತವಾಗಿ ತೋರಿಸುತ್ತದೆ. ಬೇಸಿಗೆ ರಜೆಯಲ್ಲಿ ಕೂಪರ್ಸ್‌ಟೌನ್‌ಗೆ ಹೋಗುವುದಾದರೆ ಹಾಲ್ ಆಫ್ ಫೇಮ್ ಲೈಬ್ರರಿಗೆ ಮೊದಲೇ ಬರೆದು ಕೇಳಿ. ಮೇಜರ್ ಲೀಗ್ ಆಡಿದ ಪ್ರತಿಯೊಬ್ಬನ ಹೆಸರಲ್ಲೂ ಅಲ್ಲಿ ಒಂದು ಫೈಲು ಇದೆ. ಸ್ಪೂನರ್ ಅವರದೂ.

ಇನ್ನು ಕಾಪಾಡುವ ವಿಷಯ. ಪ್ರತಿ ಕಾರ್ಡಿಗೂ ಪೆನ್ನಿ ಸ್ಲೀವ್ ಅನ್ನುವ ಒಂದು ತೆಳು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚ. ಪಿವಿಸಿ ಇಲ್ಲದ್ದು ಅಂತ ನೋಡಿ ಕೊಳ್ಳಿ. ಒರೆಸಬೇಡಿ, ಇಸ್ತ್ರಿ ಮಾಡಿ ಮಡಿಕೆ ತೆಗೆಯಲು ಹೋಗಬೇಡಿ, ಸೆಲೋಟೇಪ್ ಹತ್ತಿರವೂ ತರಬೇಡಿ. ಬಿಸಿಲು ಬೀಳದ ಕಪಾಟು ಸಾಕು. ಮೈಸೂರಿಗೆ ತರಲೇಬೇಕೆಂದರೆ ತನ್ನಿ, ಆದರೆ ಅಟ್ಟದ ಮೇಲೆ ಅಥವಾ ಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಬೇಡ. ಮಳೆಗಾಲದ ತೇವಕ್ಕೆ ಕಾರ್ಡು ಬಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಗೆದ್ದಲಿಗೆ ಕೋಫ್ಯಾಕ್ಸ್ ಆದರೇನು, ಸ್ಪೂನರ್ ಆದರೇನು, ಎಲ್ಲ ಒಂದೇ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಆರು ತಿಂಗಳಿಗೊಮ್ಮೆ ತೆಗೆದು ನೋಡುವವರು ಒಬ್ಬರು. ಈ ಮೂರನೆಯದು ಇಲ್ಲದಿದ್ದರೆ ನ್ಯೂಜೆರ್ಸಿಯಲ್ಲೇ ಇರಲಿ.

ಇಟ್ಟುಕೊಂಡರೆ ಮುಂದೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಇಡೀ ಸೆಟ್ ಪೂರ್ತಿ ಮಾಡುವ ಆಸೆ ಈಗಲೇ ಬೇಡ. 1955ರ ಸೆಟ್‌ನಲ್ಲಿ 206 ಕಾರ್ಡುಗಳಿವೆ, ಆದರೆ ಕೋಫ್ಯಾಕ್ಸ್, ಕ್ಲೆಮೆಂಟೆ ಅಂಥ ನಾಲ್ಕೈದು ಕಾರ್ಡಿಗೇ ಉಳಿದ ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗುತ್ತದೆ. ಮಗಳಿಗೆ ಒಂದು ಎಳೆ ಆರಿಸಿಕೊಳ್ಳಲು ಹೇಳಿ. ಒಂದೇ ವರ್ಷ ಆಡಿದವರು ಅಂತಾಗಲಿ, ಎಡಗೈ ಪಿಚರ್‌ಗಳು ಅಂತಾಗಲಿ, ನಿಮ್ಮ ಊರಿನ ಸುತ್ತಮುತ್ತ ಹುಟ್ಟಿದವರು ಅಂತಾಗಲಿ. ತಿಂಗಳಿಗೆ ಒಂದು ಕಾರ್ಡು ಸಾಕು. ಒಂದು ನೋಟ್‌ಬುಕ್ ಕೊಡಿಸಿ. ಹೊಸ ಕಾರ್ಡು ಕೊಳ್ಳುವ ಮೊದಲು ಹಿಂದಿನವರ ಬಗ್ಗೆ ಒಂದು ಪುಟ ಬರೆಯಲಿ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು, ಊರಿನ ಅಜ್ಜಿಗೆ ಫೋನಿನಲ್ಲಿ ಓದಿ ಹೇಳಬಹುದು ಅಲ್ವಾ? ಆ ಶೂ ಡಬ್ಬಿ ಕೊಟ್ಟ ಹಿರಿಯರ ಫೋನ್ ನಂಬರ್ ನಿಮ್ಮ ಹತ್ತಿರ ಇದ್ದರೆ ಅವರಿಗೂ ಒಮ್ಮೆ ಫೋನ್ ಮಾಡಿಸಿ. 1955ರಲ್ಲಿ ಈ ಕಾರ್ಡುಗಳನ್ನು ಯಾವ ಅಂಗಡಿಯಲ್ಲಿ ಕೊಂಡರು, ಯಾರ ಜೊತೆ ಬದಲಾಯಿಸಿಕೊಂಡರು, ಸ್ಪೂನರ್ ಆಡಿದ್ದನ್ನು ರೇಡಿಯೋದಲ್ಲಿ ಕೇಳಿದ್ದರಾ ಎಂದು ಕೇಳಲಿ. ಅದನ್ನೂ ಬರೆದಿಟ್ಟುಕೊಳ್ಳಲಿ. ಆ ಸಂಗತಿ ಯಾವ ತಾಣದಲ್ಲೂ ಸಿಗುವುದಿಲ್ಲ.

ಮೊದಲು ಕೊಳ್ಳುವ ಕಾರ್ಡು ಯಾವುದು ಅಂತ ಬೇಕಾದರೆ ನಾನೇ ಹೇಳುತ್ತೇನೆ. 1956ರ ಟಾಪ್ಸ್ ಸೆಟ್, 83ನೇ ನಂಬರ್. ಸವೆದದ್ದು ಕೆಲವೇ ಡಾಲರ್‌ಗೆ ಸಿಗುತ್ತದೆ. ಅದೂ ಕಾರ್ಲ್ ಸ್ಪೂನರ್ ಅವರದೇ, ಅದೇ ಬ್ರೂಕ್ಲಿನ್ ತಂಡದ ಹೆಸರಿನಲ್ಲಿ. ಆ ವರ್ಷ ಅವರು ಬ್ರೂಕ್ಲಿನ್‌ಗೆ ಒಂದು ಚೆಂಡೂ ಎಸೆಯಲಿಲ್ಲ. ಆದರೂ ಭುಜ ಸರಿಹೋಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದಾಗ ಅಚ್ಚಾದ ಕಾರ್ಡು ಅದು. ಎರಡನ್ನೂ ಅಕ್ಕಪಕ್ಕ ಇಡಲು ಹೇಳಿ.